ರಾಜನ ತಟ್ಟೆಗೆ ಕೈಹಾಕಿದ ಮಾವ

ನನ್ನ ಸೋದರಮಾವ ಟಾಕೀಸಿನ ಪರದೆಗೆ ಕೊಡೆ ಎಸೆದು ರಾಣಿಯ ಕೆನ್ನೆ ಹರಿದರು ಎಂದು ಮಂಗಳೂರಿನಲ್ಲಿ ಹೇಳದವರಿಲ್ಲ. ಉರ್ವದ ಮಾರ್ಕೆಟಿನಲ್ಲಿ ಬಸಳೆ ಮಾರುವವಳಿಂದ ಹಿಡಿದು ಬಲ್ಮಠದ ವಕೀಲರವರೆಗೆ ಎಲ್ಲರೂ ಕಣ್ಣಾರೆ ಕಂಡವರಂತೆ ವರ್ಣಿಸುತ್ತಾರೆ. ಹೀಗೆ ಕಂಡವರೆಲ್ಲ ನಿಜವಾಗಿ ಆ ದಿನ ಟಾಕೀಸಿಗೆ ಬಂದಿದ್ದರೆ ಮಾಲೀಕರು ಇಷ್ಟು ಹೊತ್ತಿಗೆ ಇನ್ನೊಂದು ಟಾಕೀಸು ಕಟ್ಟಿಸುತ್ತಿದ್ದರು! ಅವರಲ್ಲಿ ಹೆಚ್ಚಿನವರು ಇರಲಿಲ್ಲ. ನಾನು ಇದ್ದೆ. ಆದ್ದರಿಂದ ಈ ಸುಳ್ಳನ್ನು ಖಂಡಿಸುವ ಹಕ್ಕು ನನಗೆ ಉಂಟು. ಸತ್ಯ ಇದಕ್ಕಿಂತಲೂ ನಾಚಿಕೆಗೇಡಿನದು ಎಂಬುದು ಬೇರೆ ವಿಷಯ.

ಮೊದಲನೆಯದಾಗಿ, ಮಾವನ ಕೊಡೆಯನ್ನು ಬಾಗಿಲು ಕಾಯುವವನು ಹೊರಗೇ ಇರಿಸಿಕೊಂಡಿದ್ದ. ಹಿಂದಿನ ಸಲ ಮಾವ ಅದರ ತುದಿಯಿಂದ ಪರದೆಯ ಮೇಲಿನ ಸೇನಾಪತಿಗೆ ಪಾಠ ಹೇಳಲು ಹೋಗಿ ಮುಂದಿನ ಬೆಂಚಿನವರ ಮುಂಡಾಸು ಬೀಳಿಸಿದ್ದರು. ಎರಡನೆಯದಾಗಿ, ರಾಣಿಯ ಕೆನ್ನೆಯ ಮೇಲಿನ ಹರಕು ಹೊಸದಲ್ಲ. ಹಿಂದಿನ ವಾರದ ಪೌರಾಣಿಕ ಚಿತ್ರದಲ್ಲಿ ಅದೇ ಹರಕು ನಾರದನ ಹೊಟ್ಟೆಯ ಮೇಲಿತ್ತು. ಅದಕ್ಕೂ ಮೊದಲು ಒಂದು ಕುದುರೆಯ ಬೆನ್ನಿನ ಮೇಲೆ. ಇನ್ನು, ಹತ್ತು ಹೆಜ್ಜೆ ದೂರದ ಹಲಸಿನ ಮರಕ್ಕೆ ಕಲ್ಲು ಹೊಡೆದರೆ ಹಿತ್ತಿಲ ಬಾವಿಗೆ ಬೀಳಿಸುವ ನಮ್ಮ ಮಾವ, ಕತ್ತಲಲ್ಲಿ ರಾಣಿಯ ಕೆನ್ನೆಗೆ ಗುರಿಯಿಟ್ಟರೆಂದರೆ ಯಾವ ನ್ಯಾಯಾಧೀಶ ಒಪ್ಪುತ್ತಾನೆ?

ನಡೆದದ್ದು ಇಷ್ಟು. ಚಿತ್ರದಲ್ಲಿ ರಾಣಿ ಸಾಯುತ್ತಿದ್ದಳು. ಹೆಂಗಸರ ಬೆಂಚುಗಳಲ್ಲಿ ಸೆರಗು ಒದ್ದೆಯಾಗದವರಿರಲಿಲ್ಲ. ರಾಜ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳ್ಳಿಯ ತಟ್ಟೆಯಿಂದ ಒಂದು ಹಣ್ಣಿನ ಹೋಳನ್ನು ಅವಳ ಬಾಯಿಗೆ ಹಿಡಿದ. ಪಿಟೀಲು ಅತ್ತಿತು. ಆಗ ಗಂಡಸರ ಕಡೆಯಿಂದ, ನನಗೆ ಹುಟ್ಟಿದಂದಿನಿಂದ ಪರಿಚಯವಿರುವ ಕಂಠವೊಂದು ಎದ್ದಿತು:

"ಸ್ವಾಮೀ, ಅದು ಅನನಾಸು!"

ಪಿಟೀಲು ಕೂಡ ಒಂದು ಕ್ಷಣ ನಿಂತಂತಾಯಿತು.

"ಈ ರಾಜ ಸತ್ತು ಸಾವಿರ ವರ್ಷ ಆಯ್ತು. ಅನನಾಸನ್ನು ಪೋರ್ಚುಗೀಸರು ಹಡಗಿನಲ್ಲಿ ತಂದು ನಾನೂರು ವರ್ಷ ಕೂಡ ಆಗಲಿಲ್ಲ. ಇವನ ಅರಮನೆಗೆ ಇದನ್ನು ಯಾರು ತಂದುಕೊಟ್ಟದ್ದು?"

"ಮಾರಾಯ್ರೆ, ರಾಣಿ ಸಾಯ್ಲಿ, ಆಮೇಲೆ ಕೇಳುವ!" ಎಂದು ಯಾರೋ ಬೇಡಿಕೊಂಡರು.

"ಅವಳು ಸತ್ತ ಮೇಲೆ ತಟ್ಟೆ ತೆಗೀತಾರೆ. ಈಗಲೇ ನೋಡಿ!"

ಅವರನ್ನು ಎತ್ತಿ ಹೊರಗೆ ಹಾಕಿದರು ಎಂಬುದೂ ಅತಿಶಯೋಕ್ತಿಯೇ. ಅವರು ತಾವಾಗಿಯೇ ಹೊರಟರು. ನಾಲ್ಕು ಜನ ಕೈಕಾಲು ಹಿಡಿದು ಸಹಾಯ ಮಾಡಿದರು, ಅಷ್ಟೆ. ಬಾಗಿಲು ದಾಟುವ ಮುಂಚೆ ಅಡ್ಡಡ್ಡ ಮಲಗಿದ ಭಂಗಿಯಲ್ಲೇ ಹೆಂಗಸರ ಕಡೆಗೆ ಕತ್ತು ತಿರುಗಿಸಿ, ಮನೆಯಲ್ಲಿ ನನ್ನನ್ನು ಕರೆಯುವ ಮುದ್ದಿನ ಹೆಸರನ್ನು ಕೂಗಿ, "ನೀನು ಕೂತು ಪೂರ್ತಿ ನೋಡು! ಮುಂದೆ ಎಂತೆಂತ ತಿಂದರು ಅಂತ ಬಂದು ಹೇಳು!" ಎಂದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಒಂದು ತರಕಾರಿಯ ಹೆಸರು. ನನ್ನ ಜೊತೆ ಕುಳಿತಿದ್ದವರು ಕಾಲೇಜಿನ ಚರ್ಚಾಕೂಟದ ಗೆಳತಿಯರು. ಮರುದಿನದಿಂದ ಕಾಲೇಜಿನಲ್ಲಿ ನನಗೆ ಅದೇ ಹೆಸರಾಯಿತು!

ಮಾವನೆಂದರೆ ಅಮ್ಮನ ಅಣ್ಣ. ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಅತ್ತೆ ತೀರಿಕೊಂಡ ಮೇಲೆ ಒಂದು ಪೆಟ್ಟಿಗೆ ಪುಸ್ತಕ ಹೊತ್ತುಕೊಂಡು ಉರ್ವದ ನಮ್ಮ ಮನೆಗೆ ಬಂದವರು. ಆಗ ನಾನು ತೊದಲುತ್ತಿದ್ದೆನಂತೆ. ಅವರಿಗೆ ಮಕ್ಕಳಿಲ್ಲ. ಇದ್ದ ಮಮತೆಯನ್ನೆಲ್ಲ ನನ್ನ ಮೇಲೆಯೂ ಉಳಿದ ಕೋಪವನ್ನೆಲ್ಲ ಐತಿಹಾಸಿಕ ಚಿತ್ರಗಳ ಮೇಲೆಯೂ ಖರ್ಚು ಮಾಡುತ್ತಿದ್ದರು. ನಮ್ಮ ಮನೆಮಾತು ತುಳು. ಆದರೆ ಮಾವ ವಾದ ಮಾಡುವಾಗ ಮಾತ್ರ ಕನ್ನಡಕ್ಕೆ ಬರುತ್ತಿದ್ದರು, ಕುಸ್ತಿಗೆ ಮುಂಚೆ ಪೈಲ್ವಾನ ಅಂಗಿ ಬಿಚ್ಚುವ ಹಾಗೆ. ಅವರು ಕನ್ನಡದಲ್ಲಿ "ನೋಡು" ಎಂದರೆ ಸಾಕು, ಅಮ್ಮ ಅಡಿಗೆಮನೆಗೆ ಹೋಗಿಬಿಡುತ್ತಿದ್ದರು.

ಐತಿಹಾಸಿಕ ಚಿತ್ರಗಳ ಬಗ್ಗೆ ಮಾವನ ಅಭಿಪ್ರಾಯ ಸರಳವಾದದ್ದು: ಅವು ಹಸಿದವರ ಚಿತ್ರಗಳು. "ಮೂರು ಗಂಟೆ ನೋಡಿದೆ ಮಾರಾಯ್ತಿ. ರಾಜ ಎರಡು ಯುದ್ಧ ಮಾಡಿದ, ಒಂಬತ್ತು ಪದ ಹಾಡಿದ, ಒಬ್ಬ ಮಂತ್ರಿಯನ್ನು ಜೈಲಿಗೆ ಹಾಕಿದ. ಒಂದು ತುತ್ತು ಉಂಡನಾ? ಉಣ್ಣದೆ ಹೇಗೆ ಹಾಡಿದ?" ಒಂದು ವೇಳೆ ರಾಜ ಉಂಡನೋ, ಅದು ಇನ್ನೂ ದೊಡ್ಡ ಅಪರಾಧ. ತಟ್ಟೆಯಲ್ಲಿ ಬಟಾಟೆ ಇದ್ದರೆ ಮಾವ ಹಲ್ಲು ಕಡಿಯುತ್ತಿದ್ದರು. ಗೇರುಬೀಜ ಇದ್ದರೆ ಎದ್ದು ನಿಲ್ಲುತ್ತಿದ್ದರು. ಮೆಣಸಿನಕಾಯಿ ಕಂಡರಂತೂ ದೇವರೇ ಗತಿ! ಅವೆಲ್ಲ ನಿನ್ನೆ ಮೊನ್ನೆ ಹಡಗು ಹತ್ತಿ ಬಂದವು, ಹಳೆಯ ರಾಜರು ಅವನ್ನು ಕನಸಿನಲ್ಲೂ ಕಂಡವರಲ್ಲ ಎಂಬುದು ಅವರ ವಾದ. ಚಿತ್ರಗಳು ಹಿಂದಿಯಲ್ಲಿಯೋ ತಮಿಳಿನಲ್ಲಿಯೋ ಇರುತ್ತಿದ್ದವು. ಮಾವನಿಗೆ ಎರಡೂ ಬಾರವು. ಅದೇ ಅವರಿಗೆ ಅನುಕೂಲ. "ಮಾತಿನಲ್ಲಿ ಯಾರು ಬೇಕಾದರೂ ಸುಳ್ಳು ಹೇಳ್ತಾರೆ. ನಾನು ತಟ್ಟೆ ನೋಡ್ತೇನೆ."

"ಕಪ್ಪುಬಿಳುಪು ಚಿತ್ರದಲ್ಲಿ ಅದು ಮೆಣಸಿನಕಾಯಿ ಅಂತ ನಿಮಗೆ ಹೇಗೆ ಗೊತ್ತಾಯ್ತು? ಬೆಂಡೆಯೂ ಆಗಿರಬಹುದಲ್ಲ?" ಎಂದು ನಾನು ಪಾಟೀಸವಾಲು ಹಾಕಿದೆ ಒಮ್ಮೆ.

"ನೋಡು. ಅದನ್ನು ಕಚ್ಚಿದ ಮೇಲೆ ಆ ನಟ ನೀರಿಗೆ ಕೈಚಾಚಿದ. ಬೆಂಡೆಗೆ ಯಾರಾದರೂ ನೀರು ಕುಡೀತಾರಾ?"

ಇಂಥವರ ಜೊತೆ ಒಂದೇ ಪಂಕ್ತಿಯಲ್ಲಿ ದಿನಾ ಊಟ ಮಾಡುವುದೆಂದರೆ ಏನೆಂದು ಊಹಿಸಿಕೊಳ್ಳಿ. ಎಲೆಯ ಮೇಲೆ ಬಿದ್ದದ್ದಕ್ಕೆಲ್ಲ ವಯಸ್ಸು ಹೇಳುತ್ತಿದ್ದರು. ಎಳ್ಳು ಅಜ್ಜ, ಉದ್ದು ಅಜ್ಜಿ, ಬಟಾಟೆ ನಿನ್ನೆ ಬಂದ ನೆಂಟ. ಒಂದು ದಿನ ಸಾರು ಸುರಿದುಕೊಳ್ಳುತ್ತಾ ಗಂಭೀರವಾಗಿ, "ತಂಗೀ, ಇದು ಯಾವ ಶತಮಾನದ್ದು?" ಎಂದರು.

ಅಮ್ಮ ಸೌಟನ್ನು ಪಾತ್ರೆಗೆ ಬಡಿದು, "ನಿನ್ನೆ ರಾತ್ರಿಯದ್ದು. ಬೇಕಾದ್ರೆ ಉಣ್ಣು" ಎಂದರು.

ನನ್ನ ನಾಚಿಕೆ ಮನೆಯೊಳಗೇ ಇದ್ದಿದ್ದರೆ ಹೇಗೋ ಸಹಿಸುತ್ತಿದ್ದೆ. ಆ ವರ್ಷ ನಮ್ಮ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ. ಐತಿಹಾಸಿಕ ಚಿತ್ರಗಳಿಂದ ಜನರ ಚರಿತ್ರೆಯ ಜ್ಞಾನ ಹೆಚ್ಚುತ್ತದೆಯೇ ಎಂಬುದು ವಿಷಯ. ನನಗೆ ಬಂದದ್ದು ಹೆಚ್ಚುತ್ತದೆ ಎನ್ನುವ ಪಕ್ಷ. ಯಾವ ಪಕ್ಷ ಕೊಟ್ಟರೂ ನನಗೆ ಒಂದೇ. ಬೆಳಿಗ್ಗೆ ದೇವರಿದ್ದಾನೆ ಎಂದು ಗೆದ್ದು ಸಂಜೆ ಇಲ್ಲವೆಂದೂ ಗೆಲ್ಲಬಲ್ಲೆ. ಯಾವುದನ್ನೂ ನಂಬದಿದ್ದರೆ ಇದು ಬಹಳ ಸುಲಭ. ಮಾವ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಮೊದಲ ಸಾಲಿನಲ್ಲಿ ಕುಳಿತಿದ್ದರು. ನಾನು ವೀರರನ್ನು ಎಬ್ಬಿಸಿದೆ, ಕೋಟೆಗಳನ್ನು ಕಟ್ಟಿದೆ, ಅನಕ್ಷರಸ್ಥ ಜನರ ಎದುರು ಇಡೀ ಸಾಮ್ರಾಜ್ಯಗಳನ್ನು ಮೆರವಣಿಗೆ ಮಾಡಿಸಿದೆ. ಚಪ್ಪಾಳೆ ಬಿತ್ತು. ಸಭಿಕರಿಗೆ ಪ್ರಶ್ನೆ ಕೇಳಲು ಅವಕಾಶವಿತ್ತು. ಮಾವ ಎದ್ದರು. ನಾನು ನೆಲ ನೋಡಿದೆ. ನೆಲ ಬಾಯಿ ಬಿಡಲಿಲ್ಲ.

"ಸೋದರಿಯವರು ಹೇಳಿದ ಆ ಹತ್ತು ಸಾವಿರದ ಸೇನೆ," ಎಂದರು ನನ್ನ ಸ್ವಂತ ಮಾವ, ನನ್ನ ಪರಿಚಯವೇ ಇಲ್ಲದವರಂತೆ, "ಬೆಳಿಗ್ಗೆ ಎಂತ ತಿಂದಿತು?"

ಸಭೆ ಕುಣಿದಾಡಿಬಿಟ್ಟಿತು. ಆದರೂ ಬಹುಮಾನದ ಕಪ್ಪು ನನಗೇ ಬಂತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರೂ ಅವರೇ. ಹಿಂದಿರುಗುವ ದಾರಿಯಲ್ಲಿ ಕಪ್ಪನ್ನು ತಾವೇ ಹಿಡಿದುಕೊಂಡು, ಎದುರಾದವರಿಗೆಲ್ಲ ತೋರಿಸುತ್ತಾ ಹೇಳಿದರು: "ನಮ್ಮ ಹುಡುಗಿಯದ್ದು. ಬಹಳ ಚಂದ ಮಾತಾಡಿದಳು. ಪೂರ್ತಿ ಸುಳ್ಳು!"

ಪುಸ್ತಕದ ಯೋಚನೆ ಶುರುವಾದದ್ದು ಟಾಕೀಸಿನವರು ಅವರನ್ನು ಒಳಗೆ ಬಿಡುವುದಿಲ್ಲವೆಂದು ಹೇಳಿದ ಮೇಲೆ. "ಅವರು ಸುಳ್ಳು ಅಡಿಗೆ ತೋರಿಸ್ತಾರೆ. ನಾನು ನಿಜವಾದ ಅಡಿಗೆ ಅಚ್ಚು ಹಾಕಿಸ್ತೇನೆ" ಎಂದು ಮಾವ ಘೋಷಿಸಿದರು. ಹಡಗುಗಳು ಬರುವ ಮುಂಚೆ ನಮ್ಮ ನಾಡಿನ ರಾಜರೂ ಪ್ರಜೆಗಳೂ ಉಣ್ಣುತ್ತಿದ್ದ ಊಟದ ಪಾಕಪುಸ್ತಕ. ಮೆಣಸಿನಕಾಯಿ ಇಲ್ಲ, ಬಟಾಟೆ ಇಲ್ಲ, ಟೊಮೆಟೊ ಇಲ್ಲ. ಖಾರಕ್ಕೆ ಒಳ್ಳೆಮೆಣಸು, ಅಂದರೆ ನಿಮ್ಮ ಕಾಳುಮೆಣಸು, ಮತ್ತು ಶುಂಠಿ. ಆದರೆ ಅಂಥ ಅಡಿಗೆಯನ್ನು ಹುಡುಕುವುದೆಲ್ಲಿ? ಆ ರಾಜರ ಅಡಿಗೆ ಭಟ್ಟರು ಈಗ ಎಲ್ಲಿದ್ದಾರೆ?

ನಮ್ಮ ಪಕ್ಕದ ಮನೆಯಲ್ಲಿ ಒಂದು ತಿಥಿ ಆಯಿತು. ಊಟಕ್ಕೆ ಹೋದ ಮಾವ ಅರ್ಧ ಊಟದಲ್ಲಿ ತಟ್ಟನೆ ಕೈ ನಿಲ್ಲಿಸಿದರು. ಸತ್ತವರ ಶ್ರಾದ್ಧದ ಅಡಿಗೆಗೆ ನಮ್ಮಲ್ಲಿ ಮೆಣಸಿನಕಾಯಿ ಹಾಕುವುದಿಲ್ಲ. ಬಟಾಟೆ, ಟೊಮೆಟೊ, ಕ್ಯಾಬೇಜು ಯಾವುದೂ ಇಲ್ಲ. ಒಳ್ಳೆಮೆಣಸು, ಎಳ್ಳು, ಉದ್ದು, ಹಾಗಲ, ಬಾಳೆಕಾಯಿ. ಮಡಿ ಎಂದು ನಾವೆಲ್ಲ ತಿಳಿದದ್ದು. ಮಾವನಿಗೆ ಬೇರೆಯೇ ಕಂಡಿತು. ಎಂಜಲು ಕೈಯನ್ನು ಮೇಲೆತ್ತಿ, "ಇದೇ! ಇದೇ ಆ ಊಟ! ನಾನೂರು ವರ್ಷದಿಂದ ಯಾರೂ ಮುಟ್ಟಲಿಲ್ಲ ಇದನ್ನು!" ಎಂದು ಕೂಗಿದರು. ತಂದೆಯ ತಿಥಿ ಮಾಡುತ್ತಿದ್ದ ಆ ಮನೆಯ ಯಜಮಾನರು ಊಟ ಹಳಸಿದೆ ಎಂದು ತಿಳಿದು ಹೆದರಿಬಿಟ್ಟರು.

ಅಂದಿನಿಂದ ಮಾವನ ಸಿದ್ಧಾಂತ ಇದು: "ಇತಿಹಾಸ ನೋಡಬೇಕಾದರೆ ಟಾಕೀಸಿಗೆ ಯಾಕೆ ಹೋಗಬೇಕು? ತಿಥಿ ಊಟಕ್ಕೆ ಬಾ."

ಬರುವುದೇನು, ಊರಿನ ತಿಥಿಗಳಿಗೆಲ್ಲ ಅವರು ಹೋಗತೊಡಗಿದರು. ಕರೆದ ಮನೆಗೂ ಕರೆಯದ ಮನೆಗೂ! ಮುಖ ಬಾಡಿಸಿಕೊಂಡು ಕುಳಿತ ಪಂಕ್ತಿಯಲ್ಲಿ ಹಬ್ಬಕ್ಕೆ ಬಂದವರಂತೆ ನಗುತ್ತಿದ್ದವರು ಅವರೊಬ್ಬರೇ. ಉದ್ದಿನ ವಡೆಯನ್ನು ಬೆಳಕಿಗೆ ಹಿಡಿದು ನೋಡುವರು, ಅಡಿಗೆಮನೆಗೆ ಇಣುಕಿ ಅಳತೆ ಕೇಳುವರು. ಹೊರಡುವಾಗ ದುಃಖದಲ್ಲಿದ್ದ ಮನೆಯವರ ಕೈ ಹಿಡಿದು, "ಬಹಳ ಚಂದ ಆಯ್ತು. ಮುಂದಿನ ತಿಂಗಳು ಇನ್ನು ಯಾರದ್ದಾದರೂ ಉಂಟಾ?" ಎಂದು ಕೇಳಿಬಿಡುವರು. ನಾನು ರಸ್ತೆಯಲ್ಲಿ ಅವರಿಂದ ಇಪ್ಪತ್ತು ಹೆಜ್ಜೆ ಹಿಂದೆ ನಡೆಯುವುದನ್ನು ಅಭ್ಯಾಸ ಮಾಡಿಕೊಂಡದ್ದು ಆ ದಿನಗಳಲ್ಲೇ. ಅವರು ನಿಂತು ಕಾಯುವರು, ನಾನೂ ನಿಲ್ಲುವೆ. ಹೀಗೆ ನಿಂತು ನಿಂತು ನಮಗೆ ಮನೆ ಸೇರಲು ಬಹಳ ಹೊತ್ತಾಗುತ್ತಿತ್ತು.

ಬರಹ ಮುಗಿಯಿತು. ಈಗ ಅಚ್ಚು ಹಾಕುವವರು ಬೇಕು. ಬಲ್ಮಠದ ಕಡೆ ಒಂದು ಪ್ರೆಸ್ಸು ನಡೆಸುವ ರಾಯರು, ಮಾವನ ಹಳೆಯ ಪರಿಚಯದವರು, ನಮ್ಮವರೇ. ಅವರು ಪುಸ್ತಕದ ವಿಷಯ ಕೇಳಿ, "ಅಡಿಗೆ ಪುಸ್ತಕವನ್ನು ಓದಿ ಏನು ಗೊತ್ತಾಗ್ತದೆ ಮೇಷ್ಟ್ರೆ? ಉಂಡು ನೋಡುವ" ಎಂದರಂತೆ. ದಿನವನ್ನೂ ಅವರೇ ಹೇಳಿದರು, ಬರುವ ಗುರುವಾರ ಎಂದು. ಜೊತೆಗೆ ಮುದಿ ತಾಯಿಯನ್ನೂ ಕರೆತರುತ್ತೇನೆಂದರು.

"ರಾಜರ ಊಟ ಅಂತ ಹೇಳಿದ್ದೇನೆ. ಬೇರೆ ಎಂತದ್ದೂ ಹೇಳಲಿಲ್ಲ" ಎಂದರು ಮಾವ, ಗುಟ್ಟು ಹೇಳುವವರಂತೆ.

ಅಮ್ಮ ಖಡಾಖಂಡಿತವಾಗಿ ಅಡಿಗೆಮನೆಯಿಂದ ಹೊರಗೆ ಬಂದು ಕುಳಿತರು. "ಸುಮ್ಮಸುಮ್ಮನೆ ತಿಥಿ ಅಡಿಗೆ ಮಾಡ್ಲಿಕ್ಕೆ ನನ್ನಿಂದ ಆಗುವುದಿಲ್ಲ ಅಣ್ಣ. ಯಾರನ್ನು ಕೊಲ್ಲುವುದು ಅದಕ್ಕೆ?"

"ಇದು ತಿಥಿ ಅಡಿಗೆ ಅಲ್ಲ. ಇದು ಹದಿಮೂರನೇ ಶತಮಾನ!"

"ಹಾಗಾದರೆ ಹದಿಮೂರನೇ ಶತಮಾನದವರೇ ಬಂದು ಮಾಡ್ಲಿ."

ಮಾವನೇ ಮಾಡಿದರು. ಬೆಳಗಿನಿಂದ ಹೊಗೆಯಲ್ಲಿ ನಿಂತು, ಕಣ್ಣು ಕೆಂಪು ಮಾಡಿಕೊಂಡು, ಎಳ್ಳುಂಡೆ ಕಟ್ಟಿ, ವಡೆ ಕರಿದು, ಹಾಗಲಕಾಯಿಗೆ ಒಳ್ಳೆಮೆಣಸು ಅರೆದು ಹಾಕಿದರು. ಸುಳ್ಳು ಹೇಳಬಾರದು, ಪರಿಮಳ ಬೀದಿಯವರೆಗೆ ಹೋಗಿತ್ತು. ರಾಯರು ಜರಿ ಶಲ್ಯ ಹೊದ್ದುಕೊಂಡು, ಕುಂಕುಮ ಹಚ್ಚಿಕೊಂಡು, ತಾಯಿಯನ್ನು ಜಟಕಾದಿಂದ ಎತ್ತಿ ಇಳಿಸಿ ಒಳಗೆ ಬಂದರು. ಎಲೆ ಹಾಕಿದೆವು. ಬಡಿಸುತ್ತಿದ್ದವಳು ನಾನು. ಎಳ್ಳುಂಡೆ ಬಿದ್ದಾಗ ಮುದುಕಿಯ ಹುಬ್ಬು ಮೇಲೆ ಹೋಯಿತು. ವಡೆ ಬಿದ್ದಾಗ ಇನ್ನಷ್ಟು. ಹಾಗಲಕಾಯಿ ಬಿದ್ದಾಗ ರಾಯರು ಎಲೆಯ ಮೇಲಿಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಯಾರ ತಿಥಿ ಮೇಷ್ಟ್ರೆ ಇವತ್ತು?" ಎಂದರು ಮೆಲ್ಲಗೆ.

ಮಾವ ಎದೆಯ ಮೇಲೆ ಕೈಯಿಟ್ಟು, ಮುಖವರಳಿಸಿ, "ಬೇರೆ ಯಾರದ್ದೂ ಅಲ್ಲ ರಾಯರೇ. ನಿಮಗೋಸ್ಕರವೇ ಮಾಡಿದ್ದು!" ಎಂದರು.

ಮುದುಕಿ ನೆಲಕ್ಕೆ ಕೈಯೂರಿ ಎದ್ದರು. "ನನ್ನ ಮಗ ಹುಟ್ಟಿದ ನಕ್ಷತ್ರ ಇವತ್ತು! ಹುಟ್ಟಿದ ಹಬ್ಬಕ್ಕೆ ಊಟಕ್ಕೆ ಕರೆದದ್ದು ಅಂತ ನಾನು ತಿಳಿದುಕೊಂಡರೆ..." ಎಂದವರು ಮುಂದಿನದ್ದನ್ನು ತುಳುವಿನಲ್ಲಿ ಹೇಳಿದರು. ಅದನ್ನು ಬರೆದರೆ ಯಾವ ಪ್ರೆಸ್ಸೂ ಅಚ್ಚು ಹಾಕಲಿಕ್ಕಿಲ್ಲ. ರಾಯರು ತಾಯಿಯನ್ನು ಎತ್ತಿಕೊಂಡೇ ಜಟಕಾಕ್ಕೆ ಓಡಿದರು. ಮಾವ ಬರಿಗಾಲಿನಲ್ಲಿ ಹಿಂದಿನಿಂದ ಓಡುತ್ತಾ, "ರಾಯರೇ, ಇದು ಶುಭವೇ! ರಾಜರು ಮದುವೆಗೂ ಇದನ್ನೇ ಉಣ್ತಿದ್ದರು!" ಎಂದು ಕೂಗುತ್ತಿದ್ದರು. ಬೀದಿಯ ಎಲ್ಲ ಕಿಟಕಿಗಳೂ ತೆರೆದಿದ್ದವು. ನಾನು ನಮ್ಮ ಕಿಟಕಿಯನ್ನು ಮುಚ್ಚಿದೆ.

ಮಧ್ಯಾಹ್ನ ಆ ಊಟವನ್ನು ಯಾರೂ ಉಣ್ಣಲಿಲ್ಲ. ಮಾವ ಒಬ್ಬರೇ ಕುಳಿತರು. ನನಗೆ ತಡೆಯಲಾಗಲಿಲ್ಲ, ವಾದಕ್ಕೆ ನಿಂತೆ. ಬದುಕಿರುವವರು ಈ ಪುಸ್ತಕವನ್ನು ಹೊಸ್ತಿಲು ದಾಟಿಸುವುದಿಲ್ಲ, ಸತ್ತವರಿಗೆ ಓದಲು ಬರುವುದಿಲ್ಲ, ಹಾಗಾದರೆ ನೀವು ಬರೆದದ್ದು ಯಾರಿಗೆ ಎಂದು ಕೇಳಿದೆ. ಯಾವತ್ತೂ ಎದುರುತ್ತರ ಕೊಡದೆ ಬಿಡದ ಮಾವ ಅಂದು ಹಾಗಲಕಾಯಿಯನ್ನು ಬೆರಳಲ್ಲಿ ಅತ್ತಿತ್ತ ಸರಿಸಿ, "ಹೌದಲ್ಲ" ಎಂದಷ್ಟೇ ಹೇಳಿದರು. ಗೆದ್ದೆ. ಕಪ್ಪು ಕೊಡುವವರು ಮಾತ್ರ ಯಾರೂ ಇರಲಿಲ್ಲ.

ಇದಾಗಿ ಸ್ವಲ್ಪ ದಿನಕ್ಕೆ ಅತ್ತೆಯ ತಿಥಿ ಬಂತು. ಮಾವನ ಹೆಂಡತಿಯದ್ದು. ಪ್ರತಿವರ್ಷ ನಮ್ಮ ಮನೆಯಲ್ಲೇ ನಡೆಯುವುದು; ಅಮ್ಮ ಮಡಿಯುಟ್ಟು ಅಡಿಗೆ ಮಾಡುವರು, ವಯಸ್ಸಾದ ಪುರೋಹಿತರು ಬಂದು ಮಂತ್ರ ಹೇಳುವರು, ಮಾವ ಹೇಳಿದಂತೆ ನೀರು ಬಿಡುವರು. ಅತ್ತೆಯ ವಿಷಯವನ್ನು ಮಾವ ಎಂದೂ ಮಾತಾಡಿದವರಲ್ಲ. ಸಾವಿರ ವರ್ಷ ಹಿಂದೆ ಸತ್ತವರ ಊಟ ತಿಂಡಿಯೆಲ್ಲ ಬಾಯಿಪಾಠ, ತನ್ನ ಹೆಂಡತಿಯ ಬಗ್ಗೆ ಚಕಾರವಿಲ್ಲ! ನನಗೆ ಅವರ ಮುಖವೂ ನೆನಪಿಲ್ಲ.

ಈ ಸಲ ಎಲೆಯ ಮೇಲೆ ಎಲ್ಲ ಬಡಿಸಿ ಆದ ಮೇಲೆ, ಪುರೋಹಿತರು ಕೈಮುಗಿಯಿರಿ ಎನ್ನುವಷ್ಟರಲ್ಲಿ, ಮಾವ ಸೊಂಟದಿಂದ ಒಂದು ಸಣ್ಣ ಬಾಳೆಲೆಯ ಪೊಟ್ಟಣ ತೆಗೆದರು. ಬಿಚ್ಚಿದರು. ಒಳಗೆ ಹಸಿ ಗಾಂಧಾರಿ ಮೆಣಸು. ಉಗುರುದ್ದದ, ನಾಲಗೆಗೆ ತಾಗಿದರೆ ನೆತ್ತಿಯಲ್ಲಿ ಹೊಗೆ ಏಳಿಸುವ ಮೆಣಸಿನಕಾಯಿ.

"ಇದನ್ನೂ ಬಡಿಸಬೇಕು" ಎಂದರು.

ಅಮ್ಮ ಹಣೆ ಹಿಡಿದುಕೊಂಡರು. ಪುರೋಹಿತರು ಪೊಟ್ಟಣವನ್ನೂ ಮಾವನನ್ನೂ ನೋಡಿ, "ಮೇಷ್ಟ್ರೆ, ಎಂತ ಇದು? ಶ್ರಾದ್ಧಕ್ಕೆ ಮೆಣಸಿನಕಾಯಿ ಉಂಟಾ? ನಿಷಿದ್ಧ" ಎಂದರು.

"ನೋಡಿ," ಎಂದು ಮಾವ ಕನ್ನಡಕ್ಕೆ ಬಂದರು. "ನಿಷಿದ್ಧ ಅಂತ ಯಾವ ಶಾಸ್ತ್ರದಲ್ಲಿ ಉಂಟು? ಶಾಸ್ತ್ರ ಬರೆದವರಿಗೆ ಮೆಣಸಿನಕಾಯಿ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ್ದನ್ನು ನಿಷೇಧಿಸುವುದು ಹೇಗೆ? ಅದು ತಡವಾಗಿ ಬಂತು, ಅಷ್ಟೆ. ಅದೊಂದನ್ನು ತಿಳಿಯಲಿಕ್ಕೇ ನಾನು ಇಷ್ಟು ವರ್ಷ ಹುಡುಕಿದ್ದು."

ನನಗೆ ಮೈಯೆಲ್ಲ ಉರಿದುಹೋಯಿತು. ಟಾಕೀಸಿನಲ್ಲಿ ಮರ್ಯಾದೆ ಕಳೆದದ್ದು ಯಾತಕ್ಕೆ? ಈ ಮೆಣಸಿನಕಾಯಿಯ ವಿರುದ್ಧವಲ್ಲವೇ? ಪುರೋಹಿತರ ಎದುರಿಗೇ ಅಂದುಬಿಟ್ಟೆ: "ಮಾವ, ನೀವೇ ಹೇಳ್ತೀರಲ್ಲ, ರಾಜನ ತಟ್ಟೆಯಲ್ಲಿ ಮೆಣಸಿನಕಾಯಿ ಇಟ್ಟರೆ ಅದು ಸುಳ್ಳು ಅಂತ?"

"ರಾಜನಿಗೆ ಅದು ಗೊತ್ತಿರಲಿಲ್ಲ ಮಗಾ," ಎಂದರು ಮಾವ. ಆ ಮಾತು ತುಳುವಿನಲ್ಲಿ ಬಂತು. "ಅವಳಿಗೆ ಗೊತ್ತಿತ್ತು."

ಆಮೇಲೆ ಅವರು ನಮ್ಮ ಯಾರ ಮುಖವನ್ನೂ ನೋಡದೆ, ಎಲೆಯ ಕಡೆಗೆ ತಿರುಗಿಯೇ ಹೇಳಿದರು. ಅತ್ತೆ ಗಂಜಿಗೆ ಗಾಂಧಾರಿ ಮೆಣಸು ಕಚ್ಚಿಕೊಂಡು ಉಣ್ಣುವವರು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಬಾಯಲ್ಲಿ ನಗು. ಮಾವನಿಗೆ ಖಾರ ತಡೆಯಲಾಗುತ್ತಿರಲಿಲ್ಲ. ಅವರನ್ನು ನೋಡಿ ನಗುವುದೇ ಅತ್ತೆಗೆ ಉಪ್ಪಿನಕಾಯಿ. ಕೊನೆಯ ಜ್ವರದಲ್ಲಿ ವೈದ್ಯರು ಖಾರ ತೋರಿಸಬೇಡಿ ಎಂದಿದ್ದರು. ಅತ್ತೆ ಒಂದೇ ಒಂದು ಮೆಣಸು ಕೇಳಿದರು. ಸಪ್ಪೆ ಗಂಜಿ ಇಳಿಯುವುದಿಲ್ಲ ಎಂದರು.

"ನಾನು ಕೊಡಲಿಲ್ಲ. ಯಾಕೆ ಕೊಡಬಾರದು ಅಂತ ಅವಳಿಗೆ ವಿವರಿಸಿದೆ. ವಾದ ಮಾಡಿದೆ. ನಾನೇ ಗೆದ್ದೆ." ಎಲೆಯ ಕಡೆಗೆ ಕೈ ತೋರಿಸಿ ಎಂದರು: "ಹೋದ ಮೇಲೂ ವರ್ಷ ವರ್ಷ ಸಪ್ಪೆಯೇ ಬಡಿಸ್ತಾ ಇದ್ದೇನೆ."

ಪುರೋಹಿತರು ದರ್ಭೆಯನ್ನು ಸರಿಪಡಿಸಿಕೊಂಡರು. "ಪದ್ಧತಿ ತಪ್ಪಿಸಲಿಕ್ಕೆ ನನಗೆ ಅಧಿಕಾರ ಇಲ್ಲ ಮೇಷ್ಟ್ರೆ," ಎಂದರು. ಧ್ವನಿಯಲ್ಲಿ ಕೋಪವಿರಲಿಲ್ಲ, ಅದೇ ಕಷ್ಟ. ಮಾವ ನನ್ನ ಕಡೆಗೆ ನೋಡಿದರು. ಹುಟ್ಟಿದಂದಿನಿಂದ ಯಾವ ಸಭೆಯಲ್ಲೂ ಯಾರ ಸಹಾಯವನ್ನೂ ಕೇಳದ ಮನುಷ್ಯ.

"ನೀನು ಹೇಳು. ನೀನು ಚಂದ ಮಾತಾಡ್ತೀಯಲ್ಲ."

ಎದ್ದು ನಿಂತೆ. ಕಪ್ಪು ಗೆದ್ದವಳಲ್ಲವೇ? ಪಿತೃಗಳಿಗೆ ಪ್ರಿಯವಾದದ್ದನ್ನು ಬಡಿಸಬೇಕೆಂದು ನೀವೇ ಹೇಳುತ್ತೀರಿ ಎಂದೆ. ಮಡಿಯೆಂದರೆ ಪದಾರ್ಥದಲ್ಲಲ್ಲ, ಭಾವದಲ್ಲಿ ಎಂದೆ. ಅತ್ತೆಯ ಬಾಯಿಗೆ ಸೇರದ್ದನ್ನು ಬಡಿಸಿ ಅವರು ತೃಪ್ತರಾದರು ಎಂದು ಮಂತ್ರ ಹೇಳಿದರೆ ಆ ಮಂತ್ರವೇ ಸುಳ್ಳಾಗುವುದಿಲ್ಲವೇ ಎಂದೆ. ಒಳ್ಳೆಯ ವಾದ. ಪುರೋಹಿತರು ತಲೆದೂಗುತ್ತಾ ಕೇಳಿದರು. ನಾನು ಮುಗಿಸಿದ ಮೇಲೆ ಒಂದೇ ಪ್ರಶ್ನೆ ಹಾಕಿದರು.

"ಸತ್ತವರು ಬಂದು ಉಣ್ತಾರೆ ಅಂತ ನೀನು ನಂಬ್ತೀಯಾ ಮಗಳೇ?"

ನಾನು ನಂಬುವುದಿಲ್ಲ ಎಂಬುದು ಉರ್ವಕ್ಕೇ ಗೊತ್ತು. ಇಲ್ಲ ಎಂದರೆ ಮಾವನ ಪಕ್ಷ ಅಲ್ಲಿಗೇ ಬಿತ್ತು. ಹೌದು ಎಂದರೆ, ಎಷ್ಟೋ ವೇದಿಕೆಗಳಲ್ಲಿ ಎಷ್ಟೋ ಸಲ ಹೇಳಿದಂಥ ಸುಳ್ಳು, ಏನು ಕಷ್ಟ? ಆದರೆ ಬಾಯಿ ತೆರೆದರೆ ಹೌದು ಬರಲಿಲ್ಲ. ಮಾವ ನನ್ನನ್ನೇ ನೋಡುತ್ತಿದ್ದರು, ಅಂಗೈಯಲ್ಲಿ ಆ ಮೆಣಸು.

"ನಂಬುವುದಿಲ್ಲ," ಎಂದೆ. "ಆದರೆ ಅತ್ತೆಗೆ ಖಾರ ಇಲ್ಲದೆ ಇಳಿಯುವುದಿಲ್ಲ."

ಮೊದಲನೆಯ ವಾಕ್ಯವನ್ನು ಎರಡನೆಯದು ತಿಂದುಹಾಕುವ ಇಂಥ ಮಾತನ್ನು ಚರ್ಚಾಕೂಟದ ಎಳೆಯ ಹುಡುಗಿಯರೂ ಆಡುವುದಿಲ್ಲ. ಬೇರೆ ಯಾರಾದರೂ ಆಡಿದ್ದರೆ ನಾನೇ ಎದ್ದು ಚಿಂದಿ ಮಾಡುತ್ತಿದ್ದೆ. ಕಿವಿ ಬಿಸಿಯಾಯಿತು. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

ಪುರೋಹಿತರು ಹಿತ್ತಿಲ ಬಾಗಿಲಿನ ಕಡೆಗೊಮ್ಮೆ ನೋಡಿ, "ಎಡೆಯ ಮೇಲೆ ಆಗುವುದಿಲ್ಲ," ಎಂದರು. "ಕಾಗೆಗೆ ಹೊರಗೆ ಇಡ್ತೀರಲ್ಲ, ಆ ಎಲೆಯಲ್ಲಿ ಎಂತೆಂತ ಉಂಟು ಅಂತ ನೋಡ್ಲಿಕ್ಕೆ ನಾನು ಯಾವತ್ತೂ ಹೋದವನಲ್ಲ. ನನಗೆ ಕಣ್ಣೂ ಸರಿ ಕಾಣುವುದಿಲ್ಲ." ಹಾಗೆಂದು ಮಂತ್ರವನ್ನು ಮುಂದುವರಿಸಿದರು, ತುಸು ಗಟ್ಟಿಯಾಗಿಯೇ.

ಉರಿಬಿಸಿಲಿನಲ್ಲಿ ಮಾವ ಹಿತ್ತಿಲ ಗೋಡೆಯ ಮೇಲೆ ಎಲೆ ಇಟ್ಟರು. ಅನ್ನ, ವಡೆ, ಎಳ್ಳು. ಅವುಗಳ ಪಕ್ಕದಲ್ಲಿ ಒಂದೊಂದಾಗಿ ಗಾಂಧಾರಿ ಮೆಣಸುಗಳನ್ನು ಜೋಡಿಸಿದರು, ತೊಟ್ಟು ಮುರಿದು, ಊಟಕ್ಕೆ ಕುಳಿತವರ ಕೈಗೆ ಎಟಕುವ ಹಾಗೆ. ಬೆರಳಿನ ಖಾರ ಕಣ್ಣಿಗೆ ತಾಗಿತೋ ಏನೋ, ಅಂಗವಸ್ತ್ರದಿಂದ ಒರೆಸಿಕೊಂಡು ಬಾವಿಕಟ್ಟೆಯ ಕಡೆಗೆ ಹೋದರು. ನಾನು ಗೋಡೆಯ ಬಳಿ ಉಳಿದೆ. ಪಕ್ಕದ ತೆಂಗಿನ ಮರದಿಂದ ಒಂದು ಕಾಗೆ ಇಳಿದು ಕುಳಿತು, ಎಲೆಯನ್ನು ಒಂದು ಕಣ್ಣಿನಿಂದ ನೋಡಿ, ನನ್ನನ್ನು ಇನ್ನೊಂದರಿಂದ ನೋಡಿತು. ನಾನು ಸುತ್ತಮುತ್ತ ಕಣ್ಣುಹಾಯಿಸಿದೆ. ಕಾಲೇಜಿನವರು ಯಾರೂ ಇಲ್ಲ. ಕಿಟಕಿಗಳು ಮುಚ್ಚಿದ್ದವು. ಹೇಳಲು ನಾಚಿಕೆಯಾಗುತ್ತದೆ, ಆದರೂ ದನಿ ತಗ್ಗಿಸಿ ಕೇಳಿದೆ:

"ಅತ್ತೇ, ಖಾರ ಸಾಕಾ?"